ಜನರಲ್ ಡೋಸ್ಟ್ಲರ್‌ಗೆ ಆದದ್ದು ನ್ಯಾಯವೇ?

ತುಂಗಾತೀರ: ಆಂಟನ್ ಡೋಸ್ಟ್ಲರ್ ಇಟಲಿಯಲ್ಲಿ ಜರ್ಮನ್ ಸೇನೆಯ 75ನೇ ಕೋರ್‌ನ ದಂಡನಾಯಕ. 1944ರ ಮಾರ್ಚ್‌ನಲ್ಲಿ ಲಾ ಸ್ಪೆಜಿಯಾ–ಜಿನೋವಾ ಮಾರ್ಗದ ರೈಲು ಸುರಂಗ ಸ್ಫೋಟಿಸಲು ಬಂದು ಸೆರೆಸಿಕ್ಕ 15 ಅಮೆರಿಕನ್ ಯೋಧರನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದ ಎಂಬುದು ಆರೋಪ. ಮರುವರ್ಷ ಅಕ್ಟೋಬರ್‌ನಲ್ಲಿ ಕಸೆರ್ಟಾದ ಅರಮನೆಯಲ್ಲಿ ಅಮೆರಿಕನ್ನರು ಐದೇ ದಿನಗಳಲ್ಲಿ ವಿಚಾರಣೆ ಮುಗಿಸಿ ಮರಣದಂಡನೆ ವಿಧಿಸಿದರು. ಕಮಾಂಡೋಗಳನ್ನು ಉಳಿಸಕೂಡದೆಂದು 1942ರಲ್ಲೇ ಹಿಟ್ಲರ್ ಆಜ್ಞೆ ಹೊರಡಿಸಿದ್ದ. ಆಜ್ಞೆ ಪಾಲಿಸಿದವನಿಗೆ ಗೆದ್ದವರು ಕೊಟ್ಟ ಶಿಕ್ಷೆ ಇದು ಎಂದೇ ನನಗನಿಸುತ್ತದೆ.

ನಿವೃತ್ತ ಹವಾಲ್ದಾರ: ಇಪ್ಪತ್ತೆರಡು ವರ್ಷ ಆಜ್ಞೆ ಪಾಲಿಸಿಯೇ ಅನ್ನ ತಿಂದವನು ನಾನು. ಆದರೂ ಹೇಳುತ್ತೇನೆ, ಸೆರೆಸಿಕ್ಕವನ ಮೇಲೆ ಗುಂಡು ಹಾರಿಸುವುದು ಯುದ್ಧವಲ್ಲ. ಅವರೆಲ್ಲರೂ ಅಮೆರಿಕದ ಸೇನಾ ಸಮವಸ್ತ್ರದಲ್ಲೇ ಇದ್ದರು.

ಕಪ್ಪುಕೋಟು: ಮಾರ್ಚ್ 25ರಂದು ನಡೆದದ್ದನ್ನು ನೋಡಿ. ಗುಂಡಿಟ್ಟು ಕೊಲ್ಲಿ ಎಂಬ ತಂತಿ ಬಂದಾಗ, ಸೆರೆಯಾಳುಗಳನ್ನು ಇರಿಸಿಕೊಂಡಿದ್ದ ಜರ್ಮನ್ ಬ್ರಿಗೇಡಿನ ಅಧಿಕಾರಿಗಳೇ ಸ್ವಲ್ಪ ತಡೆಯಿರಿ ಎಂದು ಕೇಳಿಕೊಂಡರು. ಉತ್ತರವಾಗಿ ಡೋಸ್ಟ್ಲರ್‌ನಿಂದ ಬಂದದ್ದು ಎರಡನೆಯ ತಂತಿ: ಬೆಳಿಗ್ಗೆ ಏಳರೊಳಗೆ ಮುಗಿಸಿ. ಫೋನ್ ಮಾಡಿ ಬೇಡಿಕೊಂಡರೂ ಪ್ರಯೋಜನವಾಗಲಿಲ್ಲ. 26ರ ಮುಂಜಾನೆ ಪುಂಟಾ ಬಿಯಾಂಕಾದ ಕಡಲ ಬದಿಯಲ್ಲಿ ಹದಿನೈದೂ ಜನರನ್ನು ಕೊಂದರು. ಅಲೆಕ್ಸಾಂಡರ್ ಜು ಡೋನಾ ಎಂಬ ಅಧಿಕಾರಿಯಂತೂ ಆ ಆಜ್ಞೆಗೆ ಸಹಿ ಹಾಕಲು ಒಪ್ಪಲೇ ಇಲ್ಲ. ಆತನನ್ನು ಸೇನೆಯಿಂದ ಹೊರಹಾಕಿದರು, ಅಷ್ಟೇ. 1997ರವರೆಗೆ ಬದುಕಿದ್ದ.

ತುಂಗಾತೀರ: ಡೋನಾನ ವಿಷಯ ನನಗೆ ತಿಳಿದಿರಲಿಲ್ಲ. ಆಜ್ಞೆಯ ನೆಪ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಕೆಸೆಲ್ರಿಂಗ್? ಇವನಿಗಿಂತ ಮೇಲಿನ ಫೀಲ್ಡ್ ಮಾರ್ಷಲ್. ಅದೇ ವಾರ, ಮಾರ್ಚ್ 24ರಂದು, ರೋಮ್‌ನ ಅರ್ಡಿಯಾಟೀನ್ ಗುಹೆಗಳಲ್ಲಿ 335 ಜನರ ಹತ್ಯೆಯಾಯಿತು. 1947ರಲ್ಲಿ ಬ್ರಿಟಿಷರು ಅವನಿಗೂ ಮರಣದಂಡನೆ ವಿಧಿಸಿ, ಆಮೇಲೆ ಜೀವಾವಧಿಗೆ ಇಳಿಸಿ, 1952ರಲ್ಲಿ ಬಿಟ್ಟೇಬಿಟ್ಟರು. ಇದೆಂತಹ ತಕ್ಕಡಿ?

ನಿವೃತ್ತ ಹವಾಲ್ದಾರ: ಅದನ್ನು ನೆನೆದರೆ ನನಗೂ ಹೊಟ್ಟೆ ಉರಿಯುತ್ತದೆ. ಆ 335 ಮನೆಗಳಿಗೆ ಅನ್ಯಾಯವಾಯಿತೆಂದು ಈ ಹದಿನೈದು ಮನೆಗಳಿಗೂ ಅನ್ಯಾಯ ಮಾಡಬೇಕಿತ್ತೇ?

ಕಪ್ಪುಕೋಟು: ಗೆದ್ದವರು ಹೊಸದಾಗಿ ಕಟ್ಟಿದ ಕಾನೂನೂ ಅಲ್ಲ ಇದು. ಯುದ್ಧಕೈದಿಗಳ ಮೇಲೆ ಸೇಡು ತೀರಿಸಿಕೊಳ್ಳಬಾರದೆಂದ 1929ರ ಜಿನೀವಾ ಒಪ್ಪಂದಕ್ಕೆ ಜರ್ಮನಿಯದೂ ಸಹಿಯಿತ್ತು. ಐದು ದಿನ ಕಡಿಮೆಯಾಯಿತು ಎನ್ನುತ್ತೀರಿ. ಆ ಯೋಧರಿಗೆ ಒಂದು ಗಂಟೆಯ ವಿಚಾರಣೆಯೂ ಸಿಗಲಿಲ್ಲ.

ತುಂಗಾತೀರ: ಡಿಸೆಂಬರ್ 1ರಂದು ಅವೆರ್ಸಾದಲ್ಲಿ ಅವನನ್ನು ಕಂಬಕ್ಕೆ ಕಟ್ಟಿದ ಚಿತ್ರವನ್ನು ಮತ್ತೆ ತೆರೆದು ನೋಡಿದೆ. ಅಪರಾಧಿ ಎಂಬುದನ್ನು ಒಪ್ಪುತ್ತೇನೆ. ಮರಣದಂಡನೆಯನ್ನು ಈಗಲೂ ಒಪ್ಪಲಾರೆ.