ವುಜೂ ಕಟ್ಟೆಯ ಹಿಂದೆ ಸಿರಿಂಜ್ ಸಿಕ್ಕಿದೆ, ಮಸೀದಿ ಕಮಿಟಿ ಏನು ಮಾಡಬೇಕು?

ಶಿಡ್ಲಘಟ್ಟದ ರೀಲರ್:
ನಾನು ರೇಷ್ಮೆ ನೂಲು ತೆಗೆಯುವವನು, ನಮ್ಮ ಮೊಹಲ್ಲಾದ ಮಸೀದಿ ಕಮಿಟಿಯ ಸದಸ್ಯ. ಹೋದ ವಾರ ಫಜರ್ ನಮಾಜಿಗೆ ಹೋದಾಗ, ನಮಾಜಿಗೆ ಮುನ್ನ ಕೈಕಾಲು ತೊಳೆಯುವ ವುಜೂ ಕಟ್ಟೆಯ ಹಿಂದೆ ಒಂದು ಸಿರಿಂಜ್, ಬಿಳಿ ಪುಡಿ ಅಂಟಿದ ಬಾಟಲಿ ಮುಚ್ಚಳ, ಟ್ಯಾಪೆಂಟಡಾಲ್ ಎಂಬ ಬಲವಾದ ನೋವಿನ ಮಾತ್ರೆಯ ಖಾಲಿ ಪಟ್ಟಿ ಬಿದ್ದಿದ್ದವು. ಯಾರದೆಂದು ನನಗೆ ಗೊತ್ತು. ನನ್ನ ಬಳಿಯೇ ಕೆಲಸಕ್ಕಿದ್ದ ಹುಡುಗ. ಬಿಸಿನೀರಿನ ಗೂಡುಗಳಲ್ಲಿ ಕೂದಲಿಗಿಂತ ತೆಳುವಾದ ಎಳೆಯನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದ. ಈಗ ಆ ಕೈ ನಡುಗುತ್ತದೆ, ಮೊಣಕೈ ಒಳಗೆ ಕಡಲೆಕಾಯಿ ಗಾತ್ರದ ಗಂಟು.

ಜುಮಾ ದಿನ ಇಂಥವರ ಹೆಸರು ಓದಬೇಕು, ನಿಕಾಹ್‌ಗೆ ಸಹಕರಿಸಬಾರದು ಎನ್ನುತ್ತಾರೆ ಕೆಲವು ಹಿರಿಯರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಮಾರುವವನ ಹೆಸರು ಯಾರ ಬಾಯಲ್ಲೂ ಇಲ್ಲವಲ್ಲ!

ಮುಳಬಾಗಿಲಿನಿಂದ:
ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಕಾಸರಗೋಡಿನ ಕಡೆ ಮಸೀದಿ ಜಮಾತ್‌ಗಳು ಇಂಥ ನಿರ್ಧಾರ ಮಾಡಿವೆ. ಹೆಣ್ಣು ಕೊಡುವ ಮನೆಯವರಿಗೆ ಸತ್ಯ ತಿಳಿಯುವುದು ಬೇಡವೇ?

ಔಷಧ ಅಂಗಡಿಯವನು, ಚಿಂತಾಮಣಿ:
ಮೊದಲು ಆ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನುಂಗುವ ಮಾತ್ರೆಯನ್ನು ಅರೆದು ಚುಚ್ಚಿಕೊಂಡರೆ ಅದರಲ್ಲಿರುವ ಟಾಲ್ಕ್‌ನಂಥ ಕರಗದ ಪುಡಿ ರಕ್ತನಾಳ ಕಟ್ಟಿಸುತ್ತದೆ, ಕೀವು ತುಂಬುತ್ತದೆ. ಒಂದೇ ಸೂಜಿಯನ್ನು ಹಂಚಿಕೊಂಡಿದ್ದರೆ ಎಚ್‌ಐವಿ, ಹೆಪಟೈಟಿಸ್ ಸಿ ಪರೀಕ್ಷೆಯೂ ಆಗಬೇಕು. ವೈದ್ಯರ ಚೀಟಿ ಇಲ್ಲದೆ ಈ ಮಾತ್ರೆ ಕೊಡುವಂತಿಲ್ಲ. ಆ ಪಟ್ಟಿಯನ್ನು ಎಸೆಯಬೇಡಿ, ಬ್ಯಾಚ್ ಸಂಖ್ಯೆ ಸಮೇತ ಔಷಧ ನಿಯಂತ್ರಣ ಇಲಾಖೆಗೆ ಕೊಡಿ. ಮಾರಿದವನ ಜಾಡು ಹಿಡಿಯಲು ಅದು ಬೇಕಾಗುತ್ತದೆ.

ಕೋಲಾರದ ವಕೀಲ:
ಗಾಂಜಾ, ಹೆರಾಯಿನ್‌ನಂಥವು 1985ರ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆಯ ಅಡಿ ಬರುತ್ತವೆ. ಅದರ 64ಎ ಕಲಂ ನಿಮ್ಮ ಹಿರಿಯರಿಗೆ ತಿಳಿದಿರಲಿ: ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪಡೆದರೆ ಆ ಮೊಕದ್ದಮೆಯಿಂದ ರಕ್ಷಣೆ ಇದೆ. ಕಾನೂನೇ ತೆರೆದಿಟ್ಟ ಬಾಗಿಲನ್ನು ಮಸೀದಿ ಮುಚ್ಚಬಾರದು.

ಇನ್ನೊಂದು ಮಾತು. ಮಸೀದಿಗೆ ಬಾಡಿಗೆ ಮಳಿಗೆಗಳಿವೆಯೇ? ಗೊತ್ತಿದ್ದೂ ಜಾಗವನ್ನು ಈ ದಂಧೆಗೆ ಬಿಟ್ಟರೆ ಅದೇ ಕಾಯ್ದೆಯ 25ನೇ ಕಲಂ ಮಾಲೀಕನನ್ನೂ ಹಿಡಿಯುತ್ತದೆ. ಸಾಗಾಟದ ಸುಳಿವು ಕೊಡಲು 1933, ವ್ಯಸನಮುಕ್ತಿಯ ಸಲಹೆಗೆ 14446 ಸಹಾಯವಾಣಿ ಇದೆ. ಎರಡನ್ನೂ ನೋಟಿಸ್ ಬೋರ್ಡಿನಲ್ಲಿ ದೊಡ್ಡದಾಗಿ ಬರೆಸಿ.

ತುಮಕೂರಿನ ಇಮಾಮ್:
‘ಕುರಾನ್‌ನಲ್ಲಿರುವುದು ಹೆಂಡ, ಮಾತ್ರೆಯಲ್ಲ’ ಎಂದು ಹುಡುಗರು ನನ್ನ ಜತೆ ವಾದ ಮಾಡಿದ್ದಾರೆ. ಹೆಂಡದಿಂದ ದೂರವಿರಿ ಎನ್ನುವ ಮಾಯಿದಾ ಅಧ್ಯಾಯದ 90ನೇ ಆಯತ್ ಓದಿ, ಅಮಲೇರಿಸುವುದೆಲ್ಲ ಖಮ್ರ್ (ಮದ್ಯ), ಖಮ್ರ್ ಎಲ್ಲವೂ ಹರಾಮ್ ಎಂಬ ಹದೀಸನ್ನೂ ಹೇಳುತ್ತೇನೆ. ಆದರೆ ಆಯತ್ ಓದಿ ಇಳಿದುಬಿಟ್ಟರೆ ಸಾಲದು. ಬಯಾನ್ (ಪ್ರವಚನ) ಅರಬಿಯಲ್ಲೋ ಗಡಸು ಉರ್ದುವಿನಲ್ಲೋ ಇದ್ದರೆ ಹಿಂದಿನ ಸಾಲಿನ ಹುಡುಗನಿಗೆ ತಲುಪುವುದಿಲ್ಲ. ಮನೆಮಾತಿನಲ್ಲಿ ಹೇಳಿಸಿ. ಬಡವನ ಚಿಕಿತ್ಸೆಗೆ ಜಕಾತ್ (ಕಡ್ಡಾಯ ದಾನ) ಹಣ ಕೊಡಬಹುದು, ಅದನ್ನೂ ಹೇಳಿಸಿ. ತಾಯಂದಿರು ಮೊದಲು ಅಂಜುವುದು ಖರ್ಚಿಗೆ.

ಶಿಡ್ಲಘಟ್ಟದ ರೀಲರ್:
ಎಲ್ಲರಿಗೂ ಶುಕ್ರಿಯಾ. ಮುಳಬಾಗಿಲಿನವರೇ, ಹೆಣ್ಣಿನ ಮನೆಯವರು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. ಆದರೆ ಮೈಕ್‌ನಲ್ಲಿ ಹೆಸರು ಕೂಗಿದ ಮೇಲೆ ಆ ಹುಡುಗ ಮಸೀದಿಯ ಮೆಟ್ಟಿಲು ಹತ್ತುವುದಿಲ್ಲ, ಮಾರುವವನ ಹತ್ತಿರವೇ ಹೋಗುತ್ತಾನೆ. ನಿನ್ನೆ ಇಶಾ ಆದ ಮೇಲೆ ಇದನ್ನೇ ಕಮಿಟಿಯ ಮುಂದೆ ಹೇಳಿದೆ. ಹೆಸರು ಓದುವುದು ಬೇಡವೆಂದು ಒಪ್ಪಿದರು. ನಿಕಾಹ್ ವಿಷಯ ಇನ್ನೂ ಬಗೆಹರಿದಿಲ್ಲ. ಮಾತ್ರೆ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಸೋಮವಾರ ಬೆಳಗಿನ ಬಸ್ಸಿಗೆ ಹುಡುಗನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ, ಅವನ ತಾಯಿಯೂ ಬರುತ್ತಾಳೆ.