ಚೈನ್ ಸಾ ಹಿಡಿದರೆ ಕೈ ಜೋಮು: ವೈಬ್ರೇಶನ್ ರಬ್ಬರ್ ಬದಲಾಯಿಸಿದವರ ಅನುಭವ

ಕೇಳಿದವರು, ಕೊಪ್ಪ

ನಮ್ಮದು ಅಡಿಕೆ, ಕಾಫಿ ತೋಟ. 45 ಸಿಸಿಯ ಚೈನ್ ಸಾ ಇದೆ, ತಗೊಂಡು ಆರೇಳು ವರ್ಷ ಆಯ್ತು. ಈ ಸಲ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಶುರುವಾದಾಗಿನಿಂದ ಮೆಷಿನ್ ವಿಪರೀತ ಅದುರುತ್ತಿದೆ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ಎಡಗೈ ಜೋಮು ಹಿಡಿಯುತ್ತದೆ. ಸರ್ವಿಸ್‌ಗೆ ಕೊಟ್ಟಾಗ ಪ್ಲಗ್, ಏರ್ ಫಿಲ್ಟರ್ ಬದಲಾಯಿಸಿದರು, ಅದುರುವುದು ಹಾಗೇ ಇದೆ. ವೈಬ್ರೇಶನ್ ರಬ್ಬರ್, ಅಂದರೆ ಎಂಜಿನ್ ಅದುರುವುದು ಕೈಗೆ ಬಾರದ ಹಾಗೆ ತಡೆಯುವ ರಬ್ಬರ್, ಹೋಗಿರಬೇಕು ಅಂತ ಪಕ್ಕದ ತೋಟದವರು ಹೇಳುತ್ತಾರೆ. ಅದನ್ನು ಮನೆಯಲ್ಲೇ ಹಾಕಬಹುದಾ? ಹೋಗಿದ್ದು ಮಾತ್ರ ಹಾಕಿದರೆ ಸಾಕಾ, ಎಲ್ಲ ಬದಲಾಯಿಸಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಸಕಲೇಶಪುರ

ಹಾಕಬಹುದು, ಕಷ್ಟದ ಕೆಲಸ ಅಲ್ಲ. ಆದರೆ ರಬ್ಬರ್ ತರಿಸುವ ಮೊದಲು ಚೈನ್ ನೋಡಿ. ಮರಕ್ಕೆ ತಾಗಿಸದೆ ಆಕ್ಸಿಲರೇಟರ್ ಒತ್ತಿ ಓಡಿಸುವಾಗ ಮೆಷಿನ್ ಅದುರದೆ, ಮರಕ್ಕೆ ಇಟ್ಟ ಕೂಡಲೇ ಅದುರಿದರೆ ತೊಂದರೆ ಹೆಚ್ಚಾಗಿ ಚೈನ್‌ನಲ್ಲೇ ಇರುತ್ತದೆ. ಹಲ್ಲಿನ ಮುಂದೆ ಒಂದು ಮೊಂಡು ಗುಬುಟು ಇರುತ್ತದಲ್ಲ, ಹಲ್ಲು ಎಷ್ಟು ಆಳ ಕಚ್ಚಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಸಾಮಾನ್ಯ ಚೈನ್‌ಗಳಲ್ಲಿ ಅದು ಹಲ್ಲಿನ ತುದಿಗಿಂತ 0.65 ಮಿ.ಮೀ. ಕೆಳಗಿರಬೇಕು. ಬೇಗ ಕೊಯ್ಯಲಿ ಅಂತ ಅರ ಹಾಕಿ ಅದನ್ನು ಜಾಸ್ತಿ ಇಳಿಸಿದ್ದರೆ ಚೈನ್ ಮರವನ್ನು ಕಚ್ಚಿ ಕಚ್ಚಿ ಎಳೆಯುತ್ತದೆ. ಆಗ ಎಂಥ ಹೊಸ ರಬ್ಬರ್ ಹಾಕಿದರೂ ಕೈ ನೋಯುವುದು ತಪ್ಪಲ್ಲ. ಸ್ಪ್ರಾಕೆಟ್‌ನಲ್ಲಿ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಚೈನ್ ಕೊರೆದ ಗುಂಡಿ ಆಳವಾಗಿದ್ದರೆ ಅದನ್ನೂ ಬದಲಾಯಿಸಿ.

ಇನ್ನೊಂದು ಮಾತು. ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುವಾಗ ಹೊಸ ಮೆಷಿನ್ ಕೂಡ ಅಲುಗುತ್ತದೆ. ಈ ರಬ್ಬರ್‌ಗಳು ಕೆಲಸ ಮಾಡುವುದು ಕೊಯ್ಯುವ ವೇಗದಲ್ಲಿ. ಸುಮ್ಮನೆ ಓಡುವಾಗ ಅಲುಗುವುದನ್ನು ನೋಡಿ ರಬ್ಬರ್ ಹೋಗಿದೆ ಅಂತ ತೀರ್ಮಾನ ಮಾಡಬೇಡಿ.

ಸರಿಯಾದ ಪರೀಕ್ಷೆ ಹೀಗೆ. ಎಂಜಿನ್ ಆರಿಸಿ, ಪ್ಲಗ್ ಕ್ಯಾಪ್ ತೆಗೆಯಿರಿ. ಬಾರ್‌ನ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ತುದಿಯನ್ನು ಒಂದು ಮರದ ಕೊರಡಿನ ಮೇಲಿಟ್ಟು ಎರಡೂ ಹಿಡಿಗಳನ್ನು ಹಿಡಿದು ಕೆಳಗೆ ಒತ್ತಿ, ಪಕ್ಕಕ್ಕೆ ತಿರುಚಿ. ಚೈನ್ ಸಾ ಅಂದರೆ ಎರಡು ಭಾಗ: ಎಂಜಿನ್ ಮತ್ತು ಬಾರ್ ಒಂದು ಕಡೆ, ಟ್ಯಾಂಕ್ ಮತ್ತು ಹಿಡಿ ಇನ್ನೊಂದು ಕಡೆ. ಇವೆರಡರ ನಡುವೆ ಸುತ್ತ ಸಂದು ಇರಬೇಕು. ಒತ್ತಿದಾಗ ಸ್ವಲ್ಪ ಬಾಗಿ, ಬಿಟ್ಟಾಗ ತನ್ನ ಜಾಗಕ್ಕೆ ಬಂದರೆ ಸರಿ. "ಟಕ್" ಅಂತ ಬಡಿದರೆ, ಅಥವಾ ಒಂದು ಕಡೆ ಸಂದು ಮುಚ್ಚಿ ಇನ್ನೊಂದು ಕಡೆ ಬಾಯಿ ಬಿಟ್ಟರೆ ಅಲ್ಲಿನ ರಬ್ಬರ್ ಹರಿದಿದೆ. ಟಾರ್ಚ್ ಹಾಕಿ ನೋಡಿ. ಎರಡು ಭಾಗಗಳು ಉಜ್ಜಿಕೊಂಡ ಜಾಗ ಬಣ್ಣ ಹೋಗಿ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ.

ಸಂದಿಯಲ್ಲಿ ಎಣ್ಣೆ ಸೇರಿದ ಮರದ ಹೊಟ್ಟು ಗಟ್ಟಿಯಾಗಿ ಕೂತಿದ್ದರೂ ಇದೇ ತೊಂದರೆ ಬರುತ್ತದೆ. ಹಸಿ ಸಿಲ್ವರ್ ಓಕ್ ಕೊಯ್ದ ಮೆಷಿನ್ ಬಿಚ್ಚಿದರೆ ಹೆಂಟೆ ಹೆಂಟೆಯಾಗಿ ಸಿಗುತ್ತದೆ. ರಬ್ಬರ್ ಅಲುಗಲು ಜಾಗವೇ ಇಲ್ಲ ಅಂದರೆ ಅದು ಇದ್ದೂ ಇಲ್ಲದ ಹಾಗೆ. ಬ್ರಷ್, ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ದಯವಿಟ್ಟು ಪೆಟ್ರೋಲ್ ಹಾಕಿ ತೊಳೆಯಬೇಡಿ. ಪೆಟ್ರೋಲ್ ತಾಗಿ ತಾಗಿ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಈಗ ಹಾಕುವ ವಿಷಯ. ಟ್ಯಾಂಕ್‌ನಲ್ಲಿರುವ ಪೆಟ್ರೋಲ್, ಚೈನ್ ಆಯಿಲ್ ಎರಡನ್ನೂ ಖಾಲಿ ಮಾಡಿ. ಬಾರ್, ಚೈನ್ ಬಿಚ್ಚಿಡಿ. ರಬ್ಬರ್ ಮಾಡೆಲ್‌ಗೆ ತಕ್ಕಂತೆ ಮೂರ್ನಾಲ್ಕು ಕಡೆ ಇರುತ್ತದೆ. ಕೆಲವಕ್ಕೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಸಣ್ಣ ಸ್ಕ್ರೂ ಡ್ರೈವರ್‌ನಿಂದ ಎಬ್ಬಿಸಿದರೆ ಒಳಗೆ ಸ್ಕ್ರೂ ಕಾಣುತ್ತದೆ. ಸ್ಟಿಲ್ ಕಂಪನಿಯ ಮೆಷಿನ್‌ಗಳಿಗೆ ಹೆಚ್ಚಾಗಿ ಟಿ27 ನಕ್ಷತ್ರದ ಕೀ ಬೇಕು. ಅಳತೆ ತಪ್ಪಿದ ಕೀ ಹಾಕಿ ತಿರುಗಿಸಿದರೆ ಸ್ಕ್ರೂವಿನ ತಲೆ ಸವೆದು ಕೆಲಸ ಎರಡಾಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ತೆಗೆದು, ಹೊಸದು ಕೂರಿಸಿ, ಸ್ಕ್ರೂ ಸಡಿಲವಾಗಿ ಹಾಕಿ, ಆಮೇಲೆ ಮುಂದಿನದು. ಹೀಗೆ ಮಾಡಿದರೆ ಟ್ಯಾಂಕ್ ತನ್ನ ಜಾಗ ಬಿಟ್ಟು ಜಾರುವುದಿಲ್ಲ, ಪೆಟ್ರೋಲ್ ಪೈಪ್ ಎಳೆದುಕೊಳ್ಳುವುದಿಲ್ಲ. ಎಲ್ಲ ಕೂತ ಮೇಲೆ ಒಂದೊಂದಾಗಿ ಬಿಗಿ ಮಾಡಿ. ಹೊಸ ರಬ್ಬರ್ ಒಳಗೆ ಹೋಗದಿದ್ದರೆ ಸೋಪಿನ ನೀರು ಸವರಿ, ಗ್ರೀಸ್ ಬೇಡ. ಪ್ಲಾಸ್ಟಿಕ್ಕಿಗೆ ಕೂರುವ ಸ್ಕ್ರೂ ಆದರೆ ಮೊದಲು ಉಲ್ಟಾ ತಿರುಗಿಸಿ. ಒಂದು ಕಡೆ "ಕಟ್" ಅಂತ ಕೆಳಗಿಳಿದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಬಿಗಿ ಮಾಡಿದರೆ ಹಳೆಯ ಮರೆಯಲ್ಲೇ (ಸ್ಕ್ರೂ ಕೊರೆದ ಸುರುಳಿ ಗೆರೆ) ಹೋಗುತ್ತದೆ, ಹೊಸ ಮರೆ ಕೊರೆಯುವುದಿಲ್ಲ.

ಬದಲಾಯಿಸುವುದಾದರೆ ಎಲ್ಲವನ್ನೂ ಬದಲಾಯಿಸಿ. ಒಂದು ಹರಿದಿದೆ ಅಂದರೆ ಉಳಿದವೂ ಅಷ್ಟೇ ವರ್ಷ ದುಡಿದಿವೆ.

ಶಿರಸಿ, ರಿಪೇರಿ ಅಂಗಡಿ

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಅಂಗಡಿಯಲ್ಲಿ ನೋಡುವುದನ್ನು ಸೇರಿಸುತ್ತೇನೆ. ರಬ್ಬರ್ ಹರಿದ ಮೆಷಿನ್ ನಮ್ಮ ಹತ್ತಿರ ಬರುವುದು ಅದುರುತ್ತದೆ ಅಂತ ಅಲ್ಲ, ಪಿಸ್ಟನ್ ಹಿಡಿದಿದೆ ಅಂತ. ಕಾರಣ ಇಷ್ಟೇ. ಎಷ್ಟೋ ಮಾಡೆಲ್‌ಗಳಲ್ಲಿ ಕಾರ್ಬೊರೇಟರ್ ಟ್ಯಾಂಕ್ ಕಡೆ, ಸಿಲಿಂಡರ್ ಎಂಜಿನ್ ಕಡೆ. ನಡುವೆ ಒಂದು ರಬ್ಬರ್ ಪೈಪ್, ನಾವು ಮ್ಯಾನಿಫೋಲ್ಡ್ ರಬ್ಬರ್ ಅನ್ನುತ್ತೇವೆ. ಮೌಂಟಿಂಗ್, ಅಂದರೆ ವೈಬ್ರೇಶನ್ ರಬ್ಬರ್, ಹರಿದರೆ ಆ ಪೈಪ್ ಮಿತಿ ಮೀರಿ ಎಳೆದು ಬಾಗುತ್ತದೆ. ಕೊನೆಗೆ ಬಿರುಕು. ಅಲ್ಲಿಂದ ಗಾಳಿ ಒಳಗೆ ಹೋಗಿ ಪೆಟ್ರೋಲ್ ಸಾಲದಾಗುತ್ತದೆ. ಪೆಟ್ರೋಲ್ ಜೊತೆಯಲ್ಲೇ ಟೂ ಸ್ಟ್ರೋಕ್ ಆಯಿಲ್ ಬರುವುದರಿಂದ ಅದೂ ಕಡಿಮೆ. ಎಂಜಿನ್ ಕಾದು ಪಿಸ್ಟನ್ ಗೀರುತ್ತದೆ. ರಬ್ಬರ್‌ಗೆ ಆಗುವ ಖರ್ಚೆಲ್ಲಿ, ಪಿಸ್ಟನ್ ಸಿಲಿಂಡರ್‌ಗೆ ಆಗುವ ಖರ್ಚೆಲ್ಲಿ!

ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಬಿಟ್ಟು, ಮೆಷಿನ್ನನ್ನು ಎಡಕ್ಕೆ, ಬಲಕ್ಕೆ, ಮೂಗು ಕೆಳಗಾಗಿ ಓರೆ ಮಾಡಿ. ಓರೆ ಮಾಡಿದ ಕೂಡಲೇ ಸ್ಪೀಡ್ ತಾನಾಗಿ ಏರಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಆಗ ಕಾರ್ಬೊರೇಟರ್ ಸ್ಕ್ರೂ ತಿರುಗಿಸಿ ಸರಿ ಮಾಡಲು ಹೋಗಬೇಡಿ. ಮ್ಯಾನಿಫೋಲ್ಡ್ ಬಿಚ್ಚಿ, ಬೆರಳಲ್ಲಿ ಬಗ್ಗಿಸಿ, ಮಡಿಕೆಯ ಒಳಗೆ ನೋಡಿ.

ರಬ್ಬರ್ ಕೊಳ್ಳುವಾಗ ಮಾಡೆಲ್ ನಂಬರ್ ಹೇಳಿ ಕಂಪನಿಯದೇ ಕೇಳಿ. ಸಿಗದಿದ್ದರೆ ಹಳೆಯದನ್ನು ಜೊತೆಗೆ ತಗೊಂಡು ಹೋಗಿ. ನೋಡಲು ಒಂದೇ ಥರ ಇದ್ದರೂ ಗಟ್ಟಿತನ ಬೇರೆ ಇರುತ್ತದೆ. ತುಂಬ ಗಟ್ಟಿಯಾದರೆ ಅದುರುವುದು ಸೀದಾ ಕೈಗೆ ಬರುತ್ತದೆ. ತುಂಬ ಮೆತ್ತಗಾದರೆ ಬಾರ್ ಹೇಳಿದ ಕಡೆ ನಿಲ್ಲುವುದಿಲ್ಲ, ಅದು ಅಪಾಯ. ಟ್ಯೂಬ್ ಕತ್ತರಿಸಿ ತುರುಕುವುದು, ವಾಷರ್ ಹಾಕಿ ಬಿಗಿ ಮಾಡುವುದು ಖಂಡಿತ ಬೇಡ.

ಮಡಿಕೇರಿ

ಎಲ್ಲರೂ ಮೆಷಿನ್ ಬಗ್ಗೆ ಹೇಳಿದಿರಿ, ನಾನು ಕೈ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿ ವರ್ಷಗಟ್ಟಲೆ ಮರ ಕೊಯ್ದ ಒಬ್ಬರಿಗೆ ಚಳಿಗಾಲದ ಬೆಳಿಗ್ಗೆ ಬೆರಳಿನ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಅಂಗಿಯ ಗುಂಡಿ ಹಾಕಲೂ ಆಗುವುದಿಲ್ಲ. ಆಮೇಲೆ ರಕ್ತ ವಾಪಸ್ ಬರುವಾಗ ಉರಿ. ಇದು ಅದುರುವ ಮೆಷಿನ್ ಹಿಡಿಯುವವರಿಗೆ ಬರುವ ಕಾಯಿಲೆ. ಬೆರಳಿನ ರಕ್ತನಾಳ, ನರ ಎರಡಕ್ಕೂ ಪೆಟ್ಟು ಬಿದ್ದಿರುತ್ತದೆ. ಜಾಸ್ತಿ ಆದ ಮೇಲೆ ಪೂರ್ತಿ ವಾಸಿ ಮಾಡುವುದು ಕಷ್ಟ. ಯುರೋಪಿನಲ್ಲಿ 2002ರಲ್ಲೇ ಇದಕ್ಕೆ ಕಾನೂನು ಮಾಡಿ, 8 ಗಂಟೆಯ ಕೆಲಸಕ್ಕೆ ಲೆಕ್ಕ ಹಾಕಿ ಕೈಗೆ ತಾಗುವ ಅದುರುವಿಕೆ ಚದರ ಸೆಕೆಂಡಿಗೆ 5 ಮೀಟರ್ ದಾಟಬಾರದು, 2.5 ದಾಟಿದರೇ ಮಾಲೀಕ ಕ್ರಮ ತಗೋಬೇಕು ಅಂತ ಇಟ್ಟಿದ್ದಾರೆ.

ನಮ್ಮ ತೋಟಗಳಲ್ಲಿ ಮೆಷಿನ್ ಮಾಲೀಕರದ್ದು, ಕೈ ಇನ್ನೊಬ್ಬರದ್ದು. ಜೋಮು ಹಿಡಿಯುತ್ತದೆ ಅಂತ ಆಳು ಹೇಳಿದರೆ ಆ ದಿನವೇ ಮೆಷಿನ್ ನೋಡಬೇಕು, ಮರಗಸಿ ಮುಗಿಯಲಿ ಅನ್ನಬಾರದು. ಒಬ್ಬರೇ ಇಡೀ ದಿನ ಕೊಯ್ಯದೆ ಇಬ್ಬರು ಬದಲಾಯಿಸಿಕೊಳ್ಳಲಿ. ಕೈ ಬೆಚ್ಚಗಿರಲಿ. ನಡುನಡುವೆ ಬೀಡಿ ಸೇದುವುದೂ ಬೆರಳಿನ ರಕ್ತ ಸಂಚಾರಕ್ಕೆ ಕೆಟ್ಟದ್ದು. ಬೆರಳು ಬೆಳ್ಳಗಾಗಲು ಶುರುವಾಗಿದ್ದರೆ ಡಾಕ್ಟರ್ ಹತ್ತಿರ ಹೋಗಿ, ಏನು ಕೆಲಸ ಮಾಡುತ್ತೀರಿ ಅನ್ನುವುದನ್ನು ಮರೆಯದೆ ಹೇಳಿ.

ಕೇಳಿದವರು, ಕೊಪ್ಪ

ಎಲ್ಲರಿಗೂ ಧನ್ಯವಾದ. ಕೊರಡಿನ ಮೇಲೆ ಒತ್ತಿ ನೋಡಿದೆ, ಎಡಗಡೆ ಸಂದು ಪೂರ್ತಿ ಮುಚ್ಚುತ್ತದೆ, ಟಕ್ ಅಂತ ಶಬ್ದವೂ ಬಂತು. ತಳದ ರಬ್ಬರ್ ಅರ್ಧ ಸೀಳಿದೆ. ಪೂರ್ತಿ ಸೆಟ್ ತರಿಸುತ್ತೇನೆ. ಇನ್ನೊಂದು ಪ್ರಶ್ನೆ. ಹೊಸ ಮೆಷಿನ್‌ಗಳಲ್ಲಿ ರಬ್ಬರ್ ಬದಲು ಸ್ಪ್ರಿಂಗ್ ಬರುತ್ತದೆ, ಅದನ್ನೇ ಇದಕ್ಕೆ ಹಾಕಬಹುದಾ?

ಶಿರಸಿ, ರಿಪೇರಿ ಅಂಗಡಿ

ಆಗುವುದಿಲ್ಲ ಸರ್. ಸ್ಪ್ರಿಂಗ್ ಕೂರುವ ಜಾಗವನ್ನೇ ಬೇರೆ ಥರ ಮಾಡಿರುತ್ತಾರೆ. ನಿಮ್ಮ ಮೆಷಿನ್‌ಗೆ ಏನು ಬಂದಿದೆಯೋ ಅದೇ ಹಾಕಿ. ಸ್ಪ್ರಿಂಗ್‌ಗೆ ಪೆಟ್ರೋಲ್, ಆಯಿಲ್ ತಾಗಿದರೆ ಏನೂ ಆಗಲ್ಲ, ಕೈಗೂ ಹಿತ, ನಿಜ. ಆದರೆ ರಬ್ಬರ್ ನಿಧಾನಕ್ಕೆ ಹೋಗುತ್ತದೆ, ಸ್ಪ್ರಿಂಗ್ ಒಂದೇ ಸಲ ತುಂಡಾಗುತ್ತದೆ. ಅದನ್ನೂ ಪ್ರತಿ ಸರ್ವಿಸ್‌ನಲ್ಲಿ ನೋಡಲೇಬೇಕು.

ಸೆಟ್ ಬಂದಾಗ ಮ್ಯಾನಿಫೋಲ್ಡ್ ರಬ್ಬರ್ ಕೂಡ ಒಂದು ತರಿಸಿಡಿ. ಅರ್ಧ ಸೀಳಿದ ಮೌಂಟಿಂಗ್‌ನಲ್ಲಿ ಇಷ್ಟು ದಿನ ಓಡಿದೆ, ಅದರ ಮೇಲೆ ನನಗೆ ಭರವಸೆ ಇಲ್ಲ. ಎಲ್ಲ ಕೂರಿಸಿದ ಮೇಲೆ ಪೆಟ್ರೋಲ್ ಪೈಪ್ ಎಲ್ಲೂ ಸಿಕ್ಕಿಕೊಂಡಿಲ್ಲ, ಚೈನ್ ಬ್ರೇಕ್ ಸಲೀಸಾಗಿ ಬೀಳುತ್ತದೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ವಾಪಸ್ ಬರುತ್ತದೆ ಅಂತ ನೋಡಿ ಸ್ಟಾರ್ಟ್ ಮಾಡಿ. ಒಂದು ಟ್ಯಾಂಕ್ ಓಡಿಸಿದ ಮೇಲೆ ಸ್ಕ್ರೂಗಳಿಗೆ ಇನ್ನೊಮ್ಮೆ ಕೀ ಹಾಕಿ ನೋಡಿ, ಸಡಿಲ ಆಗಿದ್ದರೆ ಆಗಲೇ ಗೊತ್ತಾಗುತ್ತದೆ. ಮಳೆ ಹಿಡಿಯುವ ಮೊದಲೇ ಮುಗಿಸಿಬಿಡಿ, ಜೂನ್‌ನಲ್ಲಿ ರಸ್ತೆಗೆ, ಲೈನ್ ಮೇಲೆ ಮರ ಬೀಳಲು ಶುರುವಾದರೆ ನಮ್ಮಂಥ ಅಂಗಡಿಗಳಲ್ಲಿ ಮೆಷಿನ್ ಇಡಲೂ ಜಾಗ ಇರುವುದಿಲ್ಲ.