ಅಪ್‌ಡೇಟ್: ಮಳೆ ಸದ್ದಿನಲ್ಲಿ ಮಾತು ಕೇಳಿಸದ ನಮ್ಮ ನಾಟಕ

ಶಿವಮೊಗ್ಗದ ಕಾಲೇಜು ನಾಟಕೋತ್ಸವಕ್ಕೆ ಹೊರಟಿದ್ದೇವೆ, ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಹಿಂದಿನ ಸಾಲಿಗೆ ಮಾತೇ ಕೇಳಿಸಲ್ಲ, ಕಾಲರ್ ಮೈಕಿಗೆ ದುಡ್ಡಿಲ್ಲ, ಏನು ಮಾಡೋದು ಅಂತ ಕೇಳಿದ್ದೆನಲ್ಲ? ನಾಟಕ ಆಯಿತು. ಮಳೆಯೂ ಬಂತು. ಮಾತು ಕೇಳಿಸಿತು!

ವೇದಿಕೆ ಅಂಚಿನಲ್ಲಿ ಮೈಕ್ ಇಡಿ ಅಂದವರಿಗೆ ಥ್ಯಾಂಕ್ಸ್, ಆದರೆ ಅದು ಕೈಕೊಟ್ಟಿತು. ಹಲಗೆ ವೇದಿಕೆ, ಮಾತಿಗಿಂತ ಹೆಜ್ಜೆ ಸದ್ದೇ ಜಾಸ್ತಿ. ಜೋರಾಗಿ ಕೂಗೋದೂ ಅಷ್ಟೇ. ರಿಹರ್ಸಲ್‌ನಲ್ಲೇ ನಮ್ಮ ರಾಜನ ಪಾತ್ರಧಾರಿಯ ಗಂಟಲು ಕಟ್ಟಿತು.

ಕೆಲಸ ಮಾಡಿದ್ದು ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತವರೊಬ್ಬರು ಹೇಳಿದ ಉಪಾಯ: ಮಾತಿನ ಕೊನೆ ನುಂಗಬೇಡಿ. ಕನ್ನಡದಲ್ಲಿ ಕ್ರಿಯಾಪದ ಬರೋದೇ ಕೊನೆಗೆ ಅಲ್ವಾ? ಅಷ್ಟು ಹೊತ್ತಿಗೆ ಉಸಿರು ಖಾಲಿ, ದನಿ ಇಳಿದಿರುತ್ತದೆ. ‘ನಿನ್ನನ್ನು ಕೊಲ್...’ ಅಂತಷ್ಟೇ ಕೇಳಿಸಿದರೆ ಕೊಲ್ಲುತ್ತಾನೋ, ಕೊಲ್ಲಲಾರನೋ, ಯಾರಿಗೆ ಗೊತ್ತು! ಉದ್ದದ ಮಾತುಗಳಲ್ಲಿ ಉಸಿರೆಳೆಯುವ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿಕೊಂಡೆವು. ಪೂರ್ತಿ ಪಕ್ಕಕ್ಕೆ ತಿರುಗಿ ಮಾತಾಡೋದು ಬಿಟ್ಟೆವು.

ಬಹುಮಾನ ಬರಲಿಲ್ಲ, ಅದು ಬೇರೆ ಮಾತು.

ಮುಂದೆ ಮಾಡುವವರು ರಿಹರ್ಸಲ್‌ಗೆ ಕಥೆ ಗೊತ್ತಿಲ್ಲದ ಒಬ್ಬರನ್ನು ಹಿಂದಿನ ಸಾಲಲ್ಲಿ ಕೂರಿಸಿ. ಮಾತೆಲ್ಲ ಬಾಯಿಪಾಠ ಆಗಿರುವ ನಮಗೆ ಕೇಳಿಸದಿದ್ದರೂ ಕೇಳಿಸಿದ ಹಾಗೇ ಇರುತ್ತದೆ.